ಗರ್ಬೀನೊ ಹಡಗಿನ ಬಾವುಟ

ಲಾ ಸ್ಪೆತ್ಸಿಯಾ
24 ಮೇ 1944

ಬೆಟ್ಟದ ಮೇಲೆ ಅಡಗಿ ಕೂತು ಹಟ ಸಾಧಿಸುತ್ತಿರುವ ನನ್ನ ನೆರೇಯೊಗೆ,

ಬಾವುಟ ಒಯ್ಯಲು ಭಾನುವಾರ ಇಳಿದು ಬರುತ್ತೇನೆಂದು ಹೇಳಿಕಳಿಸಿದ್ದೀಯ. ಬರಬೇಡ. ಮುಂದಿನದನ್ನು ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ಓದು. ನಮ್ಮ ಬೀದಿಯ ನಲ್ಲಿಯ ಹತ್ತಿರ ಕರಿಯಂಗಿಯ ಫ್ಯಾಸಿಸ್ಟನೊಬ್ಬ ದಿನವಿಡೀ ಕಾದು ಕೂತಿದ್ದಾನೆ. ಸಿಕ್ಕಿದರೆ ನಿನ್ನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ.

ಸೆಪ್ಟೆಂಬರಿನಲ್ಲಿ ಜರ್ಮನ್ನರ ಕೈಗೆ ಸಿಗಬಾರದೆಂದು ನೀವೇ ಮುಳುಗಿಸಿದ ಗರ್ಬೀನೊವನ್ನು ಅವರು ಮೇಲೆತ್ತುತ್ತಿದ್ದಾರೆ. ಕಳೆದ ವಾರ ಕಪ್ತಾನನ ಕೋಣೆಯಲ್ಲಿ ಯುದ್ಧದ ಬಾವುಟ ಇಡುವ ಕೆತ್ತನೆಯ ಪೆಟ್ಟಿಗೆ ಸಿಕ್ಕಿತಂತೆ. ತೆರೆದರೆ ಖಾಲಿ. ಆ ಹಡಗಿನ ಖಲಾಸಿಗಳ ಮೇಲಿನ ಸರಂಗ ನೀನು. ಇನ್ನು ಯಾರ ಮನೆಗೆ ಬರುತ್ತಾರೆ? ಹಡಗುಕಟ್ಟೆಯಲ್ಲಿ ದುಡಿಯುವ ಅಳಿಯನಿಂದ ಸುದ್ದಿ ತಿಳಿದು ಪಕ್ಕದ ಮನೆಯ ಓರ್ತೆನ್ಸಿಯಾ ಏದುಸಿರು ಬಿಡುತ್ತ ಬಂದಳು. ನೀನು ಮನೆಯಲ್ಲಿ ಬಚ್ಚಿಟ್ಟು ಹೋದ ಬಾವುಟವನ್ನು ಸುಟ್ಟುಬಿಡೋಣ ಎಂದೆ. ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು.

"ಸುಡೋಕೆ ಅದೇನು ನಿನ್ನ ಗಂಡನ ಚಡ್ಡಿನಾ? ಹೊಸ ಹಡಗು ಅಂತ ಊರ ಹೆಂಗಸ್ರು ಹೊಲಿದು ಕೊಟ್ಟಿದ್ದು ಕಣೇ. ಹೊಲಿದೋರೇ ಬಿಚ್ಚೋಣ."

ರೊಟ್ಟಿ ಅಂಗಡಿಯ ಇಯೋಲೆಯನ್ನೂ ಕರೆದಳು. ಅಂದು ಒಂದೇ ಚೌಕಟ್ಟಿಗೆ ಕೂತು ಹೊಲಿದ ನಾವು ಮೂವರೂ ಮತ್ತೆ ಕೂತೆವು. ಕತ್ತರಿ ಮುಟ್ಟಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆ ಎಳೆಯಾಗಿ ದಾರ ತೆಗೆದು ಉಂಡೆ ಸುತ್ತಿದೆವು, ಮುಂದೆ ಅದೇ ತೂತುಗಳಲ್ಲಿ ಮತ್ತೆ ಹೊಲಿಯಬಹುದು. ಹಸಿರು ರೇಷ್ಮೆ ಈಗ ಓರ್ತೆನ್ಸಿಯಾಳ ಒಳಲಂಗ. ಕೆಂಪು ಇಯೋಲೆಯ ಕೋಟಿನ ಅಸ್ತರು. ನಡುವಿನ ಬಿಳಿಯಲ್ಲಿ ರಾಜನ ಗುರುತಿದೆ, ರಾಜ ಜರ್ಮನ್ನರ ಕೈಬಿಟ್ಟಾಗಿನಿಂದ ಈಗ ಆಳುವ ಕರಿಯಂಗಿಯವರಿಗೆ ಅವನ ಹೆಸರೆತ್ತಿದರೇ ಮೈ ಉರಿ. ಅದು ನನ್ನ ಹತ್ತಿರವಿದೆ, ಎಲ್ಲಿ ಎಂದು ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆಯೇ ಕರಿಯಂಗಿಯವರು ಬಂದರು. ಹಿಟ್ಟಿನ ಡಬ್ಬಿ ಸುರಿದರು, ನಿನ್ನ ಮದುವೆಯ ಕೋಟನ್ನು ಹರಿದರು. ನಾನು ಜ್ವರವೆಂದು ಮಲಗಿದ್ದೆ. (ಈಗ ಗುಣವಾಗಿದೆ, ಗಾಬರಿಯಾಗಬೇಡ.) ಒಬ್ಬ, "ಏಳಮ್ಮ, ಹಾಸಿಗೆ ಕುಯ್ಯಬೇಕು" ಅಂದ. ಓರ್ತೆನ್ಸಿಯಾ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. "ಕುಯ್ಯಪ್ಪ, ಕುಯ್ಯಿ. ನಿನ್ನ ಹೆತ್ತೋಳ ಹಾಸಿಗೆನೂ ಹಿಂಗೇ ಕುಯ್ದು ಬಂದ್ಯಾ?" ಲಂಗದ ಅಂಚಿನಲ್ಲಿ ಹಸಿರು ಇಣುಕುತ್ತಿತ್ತು. ಅವರು ಹಾಸಿಗೆ ಕುಯ್ದು, ಹುಲ್ಲು ಹರಡಿ ಹೋದರು.

ಬಾವುಟ ಬಿಟ್ಟುಕೊಡುವುದಿಲ್ಲವೆಂದು ಕಪ್ತಾನನಿಗೆ ಮಾತು ಕೊಟ್ಟಿದ್ದೀಯ, ಗೊತ್ತು. ನನ್ನಜ್ಜ ಇದೇ ಊರಲ್ಲಿ ದಾಂದೊಲೊ ಎಂಬ ಯುದ್ಧನೌಕೆಗೆ ಮೊಳೆ ಬಡಿದವನು. ಅದರ ತೋಪಿಗೆ ಜಗತ್ತೇ ಹೆದರುತ್ತಿತ್ತೆಂದು ಕೊಚ್ಚಿಕೊಳ್ಳುತ್ತಿದ್ದ. ಒಂದು ದೊಡ್ಡ ಕಾಳಗವನ್ನೂ ಕಾಣದೆ ಅದು ಗುಜರಿಗೆ ಹೋದಾಗ ಅಜ್ಜ ಊಟ ಬಿಟ್ಟ, ಆಮೇಲೆ ತಾನೇ ಕೇಳಿ ಕಡಲೆಹಿಟ್ಟಿನ ರೊಟ್ಟಿ ತಿಂದ. ಹಡಗು ಹೋದರೆ ಇನ್ನೊಂದು ಕಟ್ಟುತ್ತಾರೆ ನೆರೇಯೊ. ನೀನು ಹೇಳಿಕಳಿಸಿದ್ದರಲ್ಲಿ ಬಾವುಟವಿತ್ತು, ಕಪ್ತಾನನಿದ್ದ, ನಾನೊಬ್ಬಳು ಇರಲಿಲ್ಲ. ನನಗೆ ಸಿಟ್ಟು ಬಂದಿದೆ.

ಉಪ್ಪು ಕೊಟ್ಟು ಹಿಟ್ಟು ತರಲು ಓರ್ತೆನ್ಸಿಯಾ ಬೆಟ್ಟ ಹತ್ತುತ್ತಾಳೆ, ಉಪ್ಪಿನ ಚೀಲದಲ್ಲಿ ಈ ಕಾಗದ. ಓದಿ ಒಲೆಗೆ ಹಾಕು. ಬರುವುದಿಲ್ಲವೆಂದು ಅವಳ ಎದುರು ಆಣೆ ಮಾಡು.

ಸಿಟ್ಟಿನಲ್ಲೂ ನಿನ್ನವಳೇ ಆದ
ಎರ್ಸೀಲಿಯಾ

ಮರೆತು ಬಿಟ್ಟದ್ದಲ್ಲ, ಬರೆಯಬಾರದೆಂದೇ ಇದ್ದೆ. "ನೀನು ಬರೀದಿದ್ರೆ ನಾನೇ ಹೇಳ್ತೀನಿ" ಎಂದು ಓರ್ತೆನ್ಸಿಯಾ ಬಾಗಿಲಲ್ಲಿ ನಿಂತಿದ್ದಾಳೆ. ನನಗೆ ಬಂದದ್ದು ಜ್ವರವಲ್ಲ, ಬಾಣಂತನ. ನೀನು ಬೆಟ್ಟ ಹತ್ತಿದಾಗ ನನಗೂ ಗೊತ್ತಿರಲಿಲ್ಲ. ನಿನಗೆ ಮಗಳು ಹುಟ್ಟಿದ್ದಾಳೆ. ಆ ಬಿಳಿ ರೇಷ್ಮೆ ಅವಳ ಮೈಗೆ ಸುತ್ತಿದೆ, ರಾಜನ ಗುರುತು ಒಳಮುಖವಾಗಿ. ಹಾಸಿಗೆ ಕುಯ್ದವನೇ ಹೋಗುವಾಗ ಅವಳ ಕೆನ್ನೆ ಸವರಿದ. ಬಾವುಟಕ್ಕೆ ಓಡಿ ಬರುವವನು ಅವಳಿಗೂ ಓಡಿ ಬಂದೀಯೆಂದು ಮುಚ್ಚಿಟ್ಟೆ. ಬರಬೇಡ. ಅವಳ ಕುತ್ತಿಗೆ ನಿಲ್ಲಲಿ, ನಾನೇ ಎತ್ತಿಕೊಂಡು ಬೆಟ್ಟ ಹತ್ತುತ್ತೇನೆ. ಹೆಸರಿಟ್ಟಿಲ್ಲ. ಇಡಲು ಅವಳ ಅಪ್ಪ ಬದುಕಿರಬೇಕು.