ಗ್ಲೌಸಿನ ಬಾಯಿ

ಕೊನ್ಸುವೆಲೋ
ಸೋಮವಾರ, 6 ಮೇ 2019

ರಾದಮೆಸ್,

ನೀನು ಚೆನ್ನಾಗಿದ್ದೀಯ ಎಂದು ನಿನ್ನ ಅಕ್ಕ ಹೇಳಿದಳು, ಹಾಗಾಗಿ ಅದನ್ನು ಕೇಳುವ ಶ್ರಮ ಉಳಿಯಿತು. ನಾನೂ ಚೆನ್ನಾಗಿದ್ದೇನೆ, ಬಲಗಾಲಿನ ಮಂಡಿ ಒಂದನ್ನು ಬಿಟ್ಟು. ಕೊನ್ಸುವೆಲೋ ಊರಿನ ಯಾವ ನಂಬರಿನಿಂದ ಫೋನ್ ಬಂದರೂ ನೀನು ಎತ್ತುವುದಿಲ್ಲವಂತೆ. ಆದ್ದರಿಂದ ಈ ಕಾಗದ. ಬಸ್ಸು ಓಡಿಸುವ ಪಿರಿನ್ ಕೈಯಲ್ಲಿ ಕೊಡುತ್ತಿದ್ದೇನೆ, ರಾಜಧಾನಿಯಲ್ಲಿ ಅವನು ಬರಾವೋನಾ ಬಸ್ಸಿನವನಿಗೆ ದಾಟಿಸುತ್ತಾನೆ. ಜತೆಯಲ್ಲಿರುವ ತೆಂಗಿನ ಮಿಠಾಯಿ ನಿನ್ನ ಅಕ್ಕನಿಗೆ. ನಿನಗೆ ಬೇಕಾದರೆ ಅವಳನ್ನು ಕೇಳು.

ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮನ ಮಗಳು ಯಾನೆಲ್ಲಿಗೆ ಮದುವೆ. ಇದೇ ಇಪ್ಪತ್ತೈದು, ಶನಿವಾರ, ಬೆಳಗ್ಗೆ ಹತ್ತಕ್ಕೆ, ನಮ್ಮ ಚರ್ಚಿನಲ್ಲೇ. ಹುಡುಗ ಹಾತೋ ಮಾಯೋರಿನವನು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ, ಬೇಸ್‌ಬಾಲ್ ಎಂದರೆ ಆಕಳಿಸುತ್ತಾನೆ. ನಮ್ಮ ಮನೆತನಕ್ಕೆ ಇಂಥವನೊಬ್ಬ ಬೇಕಾಗಿತ್ತು. ಅವಳನ್ನು ಕೈಹಿಡಿದು ದೇವರ ಮುಂದೆ ಕರೆದೊಯ್ಯಬೇಕಾದವನು ಅಪ್ಪ, ಅದು ನಿನಗೂ ಗೊತ್ತು. ಆದರೆ ತನ್ನ ಧರ್ಮಪಿತನಾದ ನೀನೇ ಬರಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಊಟದ ಮೇಜಿನಲ್ಲಿ ಎಲ್ಲರೆದುರಿಗೆ ಹೇಳಿದಳು: "ಅತ್ತೆ, ನನ್ ತಲೆ ಮೇಲೆ ನೀರು ಹಾಕಿಸಿದ್ದು ಯಾರು? ಪದ್ರಿನೋ ತಾನೆ? ಅವ್ರು ಬಂದ್ರೆ ಅವ್ರ ಕೈ ಹಿಡ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಒಬ್ಳೇ ಹೋಗ್ತೀನಿ, ಅಪ್ಪನೂ ಬೇಡ."

ಅವಳಪ್ಪ ವಿನಿಸಿಯೋ ಅನ್ನದಿಂದ ತಲೆ ಎತ್ತಲಿಲ್ಲ. ಆಮೇಲೆ ನಾನು ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು, "ನಾನು ಬರೆಯೋಕಾಗಲ್ಲ ಅಕ್ಕ. ನೀನೇ ಬರಿ. ಅವಳು ಹೇಳಿದ್ದೇ ಸರಿ" ಅಂದ. ಇಷ್ಟು ಹೇಳಲು ಅವನಿಗೆ ಪಾತ್ರೆಗಳೆಲ್ಲ ಮುಗಿಯುವಷ್ಟು ಹೊತ್ತು ಬೇಕಾಯಿತು.

ಫೋನ್ ಎಂದೆನಲ್ಲ, ಒಂದು ನೆನಪಾಯಿತು. ನಮ್ಮ ಮನೆಯಲ್ಲಿ ಫೋನ್ ರಿಂಗಾದರೆ ನೀನು ಊಟ ಬಿಟ್ಟು ಎದ್ದು ನಿಂತು ಬಲತೋಳು ತಿರುಗಿಸಲು ಶುರು ಮಾಡುತ್ತಿದ್ದೆ. ಮೈದಾನದ ಮೂಲೆಯಲ್ಲಿ ಬದಲಿ ಎಸೆಗಾರರ ಬೆಂಚಿನಲ್ಲಿ ಕೂತು ಕೂತು ಬಂದ ಚಾಳಿ. ಅಲ್ಲಿ ತರಬೇತುದಾರನ ಫೋನ್ ಬಂದರೆ ಎದ್ದು ತೋಳು ಬಿಸಿ ಮಾಡಿಕೊಳ್ಳಬೇಕು, ಮತ್ತೆ ಫೋನ್ ಬಂದರೆ ಕೂರಬೇಕು. ನನ್ನ ತಾಯಿ ಫೋನ್ ಮಾಡಿದರೂ ನಿನ್ನ ತೋಳು ತಿರುಗುತ್ತಿತ್ತು. ನನ್ನ ಅಪ್ಪ ನಗುತ್ತಿದ್ದರು: "ಅತ್ತೆ ಫೋನ್ ಮಾಡಿದ್ರೆ ರೆಡಿ ಆಗ್ಲೇಬೇಕಪ್ಪ, ಹುಷಾರಾಗಿರೋದು ಒಳ್ಳೇದೇ."

ಆ ಬೆಂಚಿಗೆ ನಿನ್ನನ್ನು ಕೂರಿಸಿದವರೂ ಅಪ್ಪನೇ. ಸಕ್ಕರೆ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ, ನಿನಗಿನ್ನೂ ಹದಿನಾರು ವರ್ಷ. "ನೋಡು, ನಿನ್ ತೋಳಲ್ಲಿರೋದು ಒಂದೇ ಇನಿಂಗ್ಸು. ಇಡೀ ಆಟ ಎಸೀತೀನಿ ಅಂತ ಕನಸು ಕಾಣ್ಬೇಡ. ಬೇರೆಯವರು ಹಚ್ಚಿದ ಬೆಂಕಿ ಆರಿಸೋದು ನಿನ್ ಕೆಲ್ಸ" ಎಂದರು. ನೀನು ಒಂದು ವಾರ ಮಾತು ಬಿಟ್ಟೆ. ಆಮೇಲೆ ಇಪ್ಪತ್ತು ವರ್ಷ ಅದರಲ್ಲೇ ಅನ್ನ ತಿಂದೆ. ಅಪ್ಪನ ಮಂಡಿ ಕೈಕೊಟ್ಟ ಮೇಲೆ ನಿನ್ನ ಚೆಂಡು ಹಿಡಿಯಲು ಕುಕ್ಕರುಗಾಲಲ್ಲಿ ಕೂತವಳು ನಾನು. ಹುಡುಗಿ ಎಂದು ನೀನು ಮೆಲ್ಲಗೆ ಎಸೆದೆ, ನಾನು ಬೈದೆ, ಮುಂದಿನ ಚೆಂಡು ನನ್ನ ಎಡಗೈ ಉಂಗುರದ ಬೆರಳನ್ನು ಸೊಟ್ಟ ಮಾಡಿತು. ನಮ್ಮ ಮದುವೆಯ ದಿನ ಉಂಗುರ ಗೆಣ್ಣು ದಾಟದೆ ಕಿರುಬೆರಳಿಗೆ ಹಾಕಬೇಕಾಯಿತು. ಈಗಲೂ ಅಲ್ಲೇ ಇದೆ. ತೆಗೆಯಲು ಸೋಪು ಬೇಕು, ಪುರುಸೊತ್ತಿಲ್ಲ.

ಆಮೇಲಿನದು ನಿನಗೆ ಗೊತ್ತಿರುವುದೇ, ಆದರೆ ನಾನು ನೋಡಿದ ಕಡೆಯಿಂದ ಹೇಗಿತ್ತು ಎಂದು ನೀನು ಯಾವತ್ತೂ ಕೇಳಲಿಲ್ಲ. ಎಂಟು ವರ್ಷ ಅಮೆರಿಕದ ಸಣ್ಣ ಸಣ್ಣ ಊರುಗಳು, ಬಸ್ಸಿನಲ್ಲೇ ನಿದ್ದೆ. ನಾಲ್ಕು ವರ್ಷ ದೊಡ್ಡ ಲೀಗು, ಅದರಲ್ಲಿ ಮೂರು ಕ್ಲಬ್ಬು. ಆಮೇಲೆ ಮತ್ತೆ ಕೆಳಗೆ, ಮತ್ತೆ ಬಸ್ಸು. ಫೆಬ್ರವರಿಯಲ್ಲಿ ಹೋದರೆ ಅಕ್ಟೋಬರಿಗೆ ಬರುತ್ತಿದ್ದೆ. ಬಂದವನು ಮನೆಯಲ್ಲಿ ಕೂರುತ್ತಿದ್ದೆಯಾ? ಚಳಿಗಾಲದ ಲೀಗಿನಲ್ಲಿ ನಮ್ಮ ತಂಡಕ್ಕೆ ಎಸೆಯಬೇಕು. ನಮಗೆ ಮಕ್ಕಳಾಗಲಿಲ್ಲ. ಆಗಬೇಕಾದರೆ ಗಂಡ ಹೆಂಡತಿ ಒಂದೇ ದೇಶದಲ್ಲಿರಬೇಕಲ್ಲ. ಇಬ್ಬರೂ ಒಟ್ಟಿಗೆ ಬನ್ನಿ ಎಂದು ಡಾಕ್ಟರ್ ಮೂರು ಸಲ ತಾರೀಕು ಕೊಟ್ಟರು, ಮೂರು ಸಲವೂ ನಾನೊಬ್ಬಳೇ ಹೋಗಿ ಕೂತು ಬಂದೆ. ಅದಕ್ಕೇ ಯಾನೆಲ್ಲಿ ನಮ್ಮಿಬ್ಬರನ್ನೂ ಅಷ್ಟು ಹಚ್ಚಿಕೊಂಡಿದ್ದು. ನೀನು ಗೇಟು ತೆಗೆಯುವ ಸದ್ದಾದರೆ ಸಾಕು, "ಆಶೀರ್ವಾದ, ಪದ್ರಿನೋ!" ಎಂದು ಓಡಿ ಬರುತ್ತಿದ್ದಳು. "ದೇವರು ಒಳ್ಳೇದು ಮಾಡ್ಲಿ ಮಗಳೇ" ಎಂದು ನೀನು ತಲೆ ಮುಟ್ಟುವವರೆಗೆ ದಾರಿ ಬಿಡುತ್ತಿರಲಿಲ್ಲ.

"ಇದೇ ಕೊನೇ ಸೀಸನ್" ಎಂದು ನೀನು ಮೊದಲು ಹೇಳಿದ್ದು 2003ರಲ್ಲಿ. ಆಮೇಲೆ 2005ರಲ್ಲಿ. 2007ರಲ್ಲಿ ಹೇಳಿದಾಗ ನಾನು ಪರದೆ ಬದಲಾಯಿಸಿದೆ, ಹಿತ್ತಲಿನ ಕೋಣೆಗೆ ಸುಣ್ಣ ಹೊಡೆಸಿದೆ. ಆಮೇಲೆ ಕ್ರಿಸ್ಮಸ್ ಮರುದಿನ ಆ ಮೆಕ್ಸಿಕೋದ ಕ್ಲಬ್ಬಿನ ಮನುಷ್ಯ ಬಂದ. ನಮ್ಮ ತಂಡ ಫೈನಲ್ಲಿಗೆ ಬಂದು, ನೀನು ಅದನ್ನು ಚೆನ್ನಾಗಿ ಮುಗಿಸಿದರೆ ಎರಡು ವರ್ಷದ ಕರಾರು ಎಂದ. ನಿನಗಾಗಲೇ ಮೂವತ್ತೈದು. ನೀನು ನನ್ನ ಮುಖವನ್ನೂ ನೋಡದೆ ಹೂಂ ಅಂದೆ. ನಾನು ಅವನಿಗೆ ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ ಎಂದು ನೀನು ಆಮೇಲೆ ಬೈದೆ.

ಆ ಜನವರಿಯ ಕೊನೆಯ ಭಾನುವಾರದ ಮಧ್ಯಾಹ್ನ ಇಡೀ ಊರೇ ಸ್ಟೇಡಿಯಮ್ಮಿನಲ್ಲಿತ್ತು. ಎದುರಿಗೆ ರಾಜಧಾನಿಯ ತಂಡ, ಆ ತಂಡದಲ್ಲಿ ನನ್ನ ತಮ್ಮ. ಅಮ್ಮ ನಮ್ಮ ಬಣ್ಣದ ಟೋಪಿ, ಅವರ ಬಣ್ಣದ ಶಾಲು, ಎರಡನ್ನೂ ಹಾಕಿಕೊಂಡು ಬಂದಿದ್ದಳು. ಏಳನೆಯ ಪಂದ್ಯ, ಒಂಬತ್ತನೆಯ ಇನಿಂಗ್ಸು, ನಾವು ಮೂರು ಅವರು ಎರಡು. ನೀನು ಮೂಲೆಯ ಬಾಗಿಲಿನಿಂದ ಹೊರಟಾಗ ಡೋಲು ತಮಟೆಗಳ ಗದ್ದಲದಲ್ಲಿ ನನಗೆ ಕಿವಿಯೇ ಕೇಳಿಸಲಿಲ್ಲ. ಇಬ್ಬರನ್ನು ಔಟ್ ಮಾಡಿದೆ, ಒಬ್ಬ ಬೇಸ್ ಮೇಲೆ ನಿಂತ. ಆಗ ಬ್ಯಾಟು ಹಿಡಿದು ಬಂದವನು ವಿನಿಸಿಯೋ. ಆ ಸೀಸನ್ನಿನಲ್ಲಿ ಅವನು ಒಂದೂ ಹೋಮ್ ರನ್ ಹೊಡೆದಿರಲಿಲ್ಲ. ಹಿಂದಿನ ಸಾಲಿನ ಮುದುಕನೊಬ್ಬ ಕೂಗಿದ: "ಏಯ್ ವಿನಿಸಿಯೋ, ಭಾವನ ಮನೇಲಿ ಉಂಡಿದ್ದು ಅರಗಿದ್ಯೇನೋ?" ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಎರಡು ವೇಗದ ಚೆಂಡು ಎಸೆದೆ, ಅವನು ಎರಡಕ್ಕೂ ಬ್ಯಾಟು ಬೀಸಿದ, ಎರಡೂ ತಪ್ಪಿದವು. ಮೂರನೆಯದು ನಿಧಾನದ ಚೆಂಡು. ಅದೇ ತೋಳಿನ ವೇಗ, ಆದರೆ ಬರುವುದು ತಡವಾಗಿ. ಅದಕ್ಕೆ ಮೋಸ ಹೋಗದ ಬ್ಯಾಟುಗಾರ ಈ ದ್ವೀಪದಲ್ಲಿ ಇರಲಿಲ್ಲ. ವಿನಿಸಿಯೋ ಬಸ್ಸಿಗೆ ಕಾದಂತೆ ಕಾದ. ಚೆಂಡು ಗೋಡೆಯಾಚೆ, ಬೇವಿನ ಮರಗಳ ಆಚೆ ಹೋಯಿತು. ಅವರು ನಾಲ್ಕು ನಾವು ಮೂರು, ಕೊನೆಗೆ ಅಷ್ಟರಲ್ಲೇ ಸೋತೆವು. ಅಮ್ಮ ಟೋಪಿ ತೆಗೆದಳು, ಶಾಲೂ ತೆಗೆದಳು. ಮೆಕ್ಸಿಕೋದವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

ಮರುದಿನ ರೇಡಿಯೋದವನು ಕೆಣಕಿ ಕೆಣಕಿ ಕೇಳಿದ್ದಕ್ಕೆ ವಿನಿಸಿಯೋ ಬಾಯಿಬಿಟ್ಟ: "ನಿಧಾನದ್ದು ಬರುತ್ತೆ ಅಂತ ಗೊತ್ತಿತ್ತು. ಅದನ್ನ ಹಿಡಿಯೋಕೆ ಭಾವ ಗ್ಲೌಸೊಳಗೆ ಬೆರಳು ಆಳಕ್ಕೆ ಇಳಿಸ್ತಾನೆ, ಆಗ ಗ್ಲೌಸಿನ ಬಾಯಿ ಸ್ವಲ್ಪ ಅಗಲ ಆಗುತ್ತೆ." ಉಪ್ಪಿನ ಡಬ್ಬಿಯ ತಳದಲ್ಲಿ ಉಪ್ಪು ಹುಡುಕುವ ಹಾಗೆ, ಅಷ್ಟೇ. ಇಪ್ಪತ್ತು ವರ್ಷ ಯಾವ ತರಬೇತುದಾರನ ಕಣ್ಣಿಗೂ ಬೀಳದ್ದು.

ನೀನು ರೇಡಿಯೋ ಆರಿಸಿದೆ. ಕಿರುಚಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಕ್ರಿಸ್ಮಸ್ ದಿನ ಹಿತ್ತಲಲ್ಲಿ ನಾನು ನಿಂಗೆ ಎಸೀತಿದ್ದಾಗ ನೋಡಿದಾನೆ. ನನ್ ಹಂದಿಮಾಂಸ ತಿಂತಾ ನನ್ ಕೈ ನೋಡಿದಾನೆ. ಮಗಳ ಪದ್ರಿನೋ ಅಂತ ಬಾಯ್ತುಂಬ ಕೊಂಪಾದ್ರೆ ಅಂತ ಕರೀತಾ" ಎಂದೆ. ಅವನು ಇನ್ನು ಈ ಹೊಸಿಲು ತುಳಿಯಬಾರದು ಎಂದು ನನ್ನ ಕೈಯಲ್ಲಿ ಆಣೆ ಮಾಡಿಸಲು ನೋಡಿದೆ. ನಾನು ಮಾಡಲಿಲ್ಲ. ನಾನು ತಮ್ಮನ ಪಕ್ಷ ವಹಿಸಿದೆ ಎಂದುಕೊಂಡು ನೀನು ಮಂಗಳವಾರ ಹೊರಟುಹೋದೆ. ನಿಕರಾಗುವಾ, ಕೊಲಂಬಿಯಾ, ಎಲ್ಲೆಲ್ಲೋ ಎಸೆದೆಯಂತೆ. ಗ್ಲೌಸಿನ ಬಾಯಿ ಬಿಗಿ ಹಿಡಿಯಲು ಹೋಗಿ ಮೊಣಕೈ ಕೆಡಿಸಿಕೊಂಡೆಯಂತೆ. ಈಗ ಅಕ್ಕನ ಅಂಗಡಿಯಲ್ಲಿ ಅಕ್ಕಿ ತೂಗುತ್ತೀಯಂತೆ. ನಿನಗೆ ಅಕ್ಕಿ ತೂಗಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ವಿನಿಸಿಯೋ ಐಸ್ ಅಂಗಡಿ ಇಟ್ಟಿದ್ದಾನೆ. ಬಂದವರೆಲ್ಲ ಆ ಹೊಡೆತದ ಕಥೆ ಹೇಳು ಎನ್ನುತ್ತಾರೆ. ಅವನ ಆಯುಷ್ಯದ ದೊಡ್ಡ ಹೊಡೆತ ಅದೇ. ಅವನು "ಎಷ್ಟು ಐಸ್ ಬೇಕು ಹೇಳಿ" ಎಂದು ಮುಖ ತಿರುಗಿಸುತ್ತಾನೆ. ಎಷ್ಟು ಮರೆಗುಳಿ ಎಂದರೆ ಮೊನ್ನೆ ಒಂದು ಕಾಲಿಗೆ ಕಂದು ಬೂಟು, ಒಂದಕ್ಕೆ ಕಪ್ಪು ಬೂಟು ಹಾಕಿಕೊಂಡು ಪಾದ್ರಿಯ ಹತ್ತಿರ ಮದುವೆ ಮಾತಾಡಲು ಹೋಗಿದ್ದ. ದಾರಿಯಲ್ಲಿ ಯಾರೋ ಹೇಳುವವರೆಗೆ ಗೊತ್ತಾಗಲಿಲ್ಲ.

ಅವನ ಮೇಲೆ ಸಿಟ್ಟಿದ್ದರೆ ಇರಲಿ. ಹುಡುಗಿ ಏನು ಮಾಡಿದ್ದಳು? ಅವಳ ಹದಿನೈದನೆಯ ಹುಟ್ಟುಹಬ್ಬಕ್ಕೆ ನೀನು ಬರಲಿಲ್ಲ. ಬಿಳಿ ಫ್ರಾಕು ಹಾಕಿಕೊಂಡು ನಿನಗೆ ಫೋನ್ ಮಾಡಿ, ರಿಂಗಾಗುತ್ತಲೇ ಇದ್ದ ಫೋನಿಗೆ "ಆಶೀರ್ವಾದ, ಪದ್ರಿನೋ" ಎಂದಳು. ಕೇಳಿಸಿಕೊಂಡವಳು ನಾನೊಬ್ಬಳೇ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಸಿಟ್ಟಿಗೆ ಆಶೀರ್ವಾದ ಕೊಡದ ಪದ್ರಿನೋ ನಮ್ಮ ಓಣಿಯಲ್ಲಿ ಇನ್ನೊಬ್ಬನಿಲ್ಲ. ಕುಡುಕ ತೆಲೆಸ್ಫೋರೋ ಕೂಡ ಗಟಾರದಲ್ಲಿ ಬಿದ್ದಲ್ಲಿಂದಲೇ ಕೈ ಎತ್ತಿ ತನ್ನ ಧರ್ಮಪುತ್ರರನ್ನು ಹರಸುತ್ತಾನೆ.

ಬಾ. ಹಿಂದಿನ ದಿನವೇ ಬಂದು ಇಳಿ, ನಿನ್ನ ಬಿಳಿ ಅಂಗಿಗೆ ಇಸ್ತ್ರಿ ಬೇಕಾಗುತ್ತದೆ. ಚರ್ಚಿನಲ್ಲಿ ನಾನು ಎದುರಾಗುತ್ತೇನೆ ಎಂಬ ಚಿಂತೆ ಬೇಡ. ಮನೆಯಲ್ಲಿ ಮೇಕೆ ಮಾಂಸ ಒಲೆಯ ಮೇಲಿರುತ್ತದೆ, ನೋಡಿಕೊಳ್ಳಲು ಒಬ್ಬರು ಬೇಕು, ನಾನು ಬರುವುದಿಲ್ಲ. ವಿನಿಸಿಯೋ ಜತೆ ಮಾತು ಬೇಡವಾದರೆ ಬೇಡ. ಬಾಗಿಲಿನಿಂದ ದೇವರ ಮುಂದಿನವರೆಗೆ ಮೂವತ್ತು ಹೆಜ್ಜೆ, ಅಷ್ಟೇ. ನಿನ್ನ ಜನ್ಮವೆಲ್ಲ ಹೀಗೇ ಕೊನೆಯ ಹೊತ್ತಿಗೆ ಬಂದು ಮುಗಿಸಿಕೊಡುವುದರಲ್ಲೇ ಹೋಗಿದೆ, ಇದೂ ಅಂಥದ್ದೇ ಕೆಲಸ.

ಇಷ್ಟೇ. ತೋಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರು.

ಕಾಗದದ ಮೇಲಿನ್ನೂ ನಿನ್ನ ಹೆಂಡತಿಯಾಗಿರುವ,
ಒವಿದಿಯಾ

ಮತ್ತೆ:

ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಪಿರಿನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ.

ಸ್ವಂತ ಬೂಟಿನ ಬಣ್ಣ ಕಾಣದವನಿಗೆ ನಿನ್ನ ಗ್ಲೌಸು ಕಾಣುತ್ತದೆಯೇ ರಾದಮೆಸ್? ಕ್ರಿಸ್ಮಸ್ ದಿನ ಅವನು ನಿನಗೆ ಬೆನ್ನು ಹಾಕಿ ಬೆಂಕಿಯ ಮೇಲೆ ಹಂದಿ ತಿರುಗಿಸುತ್ತಿದ್ದ. ಆ ಗ್ಲೌಸನ್ನು ಎದುರಿಗೆ ಕೂತು ಇಪ್ಪತ್ತು ವರ್ಷ ನೋಡಿದವಳು ನಾನೊಬ್ಬಳೇ. ಜನವರಿ ಆರರ ಮೂರು ರಾಜರ ಹಬ್ಬದ ದಿನ, ಬಾಳೆಕಾಯಿ ಸುಲಿಯುತ್ತಾ, ನಾನೇ ಅವನಿಗೆ ಹೇಳಿದೆ. ಅವನು "ಬೇಡ ಅಕ್ಕ, ನನಗೆ ಹೇಳ್ಬೇಡ" ಅಂದ. ನಾನು ಮತ್ತೊಂದು ಸಲ ಹೇಳಿದೆ. ನನಗೆ ಒಂದು ಸೋಲು ಬೇಕಾಗಿತ್ತು. ಒಂದೇ ಒಂದು. ಸೋತರೆ ಮನೆಯಲ್ಲಿ ಉಳಿಯುತ್ತೀಯ ಎಂದುಕೊಂಡಿದ್ದೆ.

ನೀನು ಹೋದ ಮೇಲೆ ಅವನು ನಿನಗೆ ನಿಜ ಹೇಳಲು ಹೊರಟ, ನಾನು ಕಾಲು ಹಿಡಿದು ತಡೆದೆ. ಹನ್ನೊಂದು ವರ್ಷ ಅವನು ನನ್ನ ಹೆಸರು ಹೇಳಲಿಲ್ಲ. ಅದಕ್ಕೇ ಮೊದಲು ಅವನ ಹತ್ತಿರ ಹೋಗು.

ಮೇಕೆ ಮಾಂಸ ನೋಡಿಕೊಳ್ಳಲು ಮೂವರು ಹೆಂಗಸರಿದ್ದಾರೆ. ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ, ಅದಕ್ಕೇ ಚರ್ಚಿಗೆ ಬರುವುದಿಲ್ಲ. ನೀನು ಹೋದ ಹೊಸದರಲ್ಲಿ ದಿನಾ ಒಂದು ತಟ್ಟೆ ಬಡಿಸಿ ಮುಚ್ಚಿಡುತ್ತಿದ್ದೆ, ಈಗ ಆ ಅಭ್ಯಾಸ ಬಿಟ್ಟಿದ್ದೇನೆ. ಮದುವೆ ಮುಗಿದ ಮೇಲೆ ಹಿತ್ತಲ ಬಾಗಿಲಿಗೆ ಬಂದರೆ ಬಿಸಿಯಾಗಿಯೇ ಬಡಿಸುತ್ತೇನೆ. ಬರದಿದ್ದರೆ ಯಾಕೆಂದು ಕೇಳುವುದಿಲ್ಲ.