ವಾಲಿದ ಕಂಬಗಳಿಗೆ ಬಂದ ನೋಟಿಸಿನ ಬಗ್ಗೆ

ಮಾನ್ಯ ಜೆಟ್ಟಿ ತಪಾಸಣಾಧಿಕಾರಿಗಳೇ,

ಹೋದ ತಿಂಗಳ ಭೂಕಂಪದ ನಂತರ ತಪಾಸಣೆಗೆ ಬಂದ ತಾವು, ದೋಣಿಗಳು ಬಂದು ನಿಲ್ಲುವ ನಮ್ಮ ಜೆಟ್ಟಿಯ ಅಡಿಪಾಯದ ಹನ್ನೆರಡು ಕಂಬಗಳು ‘ವಾಲಿವೆ’ ಎಂದು ಷರಾ ಬರೆದು, ಅವನ್ನು ನೆಟ್ಟಗೆ ಮಾಡುವಂತೆ ಅಲ್ಲಿನ ಎಂಜಿನಿಯರ್ ಆದ ನನ್ನ ಅಕ್ಕನಿಗೆ ನೋಟಿಸ್ ಕಳಿಸಿದ್ದೀರಿ. ಸ್ವಾಮೀ, ಅವು ವಾಲಿದ್ದಲ್ಲ, ಓರೆಯಾಗಿಯೇ ಇಳಿಸಿದ್ದು! ದೋಣಿ ಬಂದು ಗುದ್ದಿದಾಗ ಜೆಟ್ಟಿ ಸರಿಯದಿರಲೆಂದು, ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ. ತಮ್ಮ ನಮೂನೆಯಲ್ಲಿ ‘ನೆಟ್ಟಗಿದೆ’, ‘ವಾಲಿದೆ’ ಎಂಬ ಎರಡೇ ಕಾಲಂ ಇದ್ದರೆ ಅದು ಕಂಬಗಳ ಅಪರಾಧವೇ?

ನೋಟಿಸ್ ಓದಿದ ದಿನವೇ, ತಮ್ಮ ಕಚೇರಿಯ ಗೋಡೆಗೆ ಒರಗಿಸಿದ್ದ ಏಣಿಗೆ ‘ವಾಲಿದೆ, ಏಳು ದಿನದೊಳಗೆ ನೆಟ್ಟಗೆ ಮಾಡತಕ್ಕದ್ದು’ ಎಂಬ ಚೀಟಿ ಅಂಟಿಸಿದವನು ನಾನೇ. ತಪ್ಪೊಪ್ಪಿಕೊಂಡಿದ್ದೇನೆ. ಆದರೆ ತಮ್ಮ ಗುಮಾಸ್ತರು ಆ ಚೀಟಿಗೆ ನಂಬರು ಹಾಕಿ, ಏಣಿಯನ್ನು ಮಲಗಿಸಿಟ್ಟದ್ದಕ್ಕೆ ನಾನು ಹೊಣೆಯಲ್ಲ.

ನಿಜವಾದ ಸಂಗತಿ ಬೇರೆಯೇ ಇದೆ. ಅಡುಗೆಮನೆಯಲ್ಲಿ ಅಕ್ಕ ಹೇಳಿದ್ದು:

“ಭೂಮಿ ನಡುಗಿದಾಗ ನೆಟ್ಟಗಿರೋ ಕಂಬ ಸ್ವಲ್ಪ ಬಾಗಿ ತೂಗಾಡತ್ತೆ ಕಣೋ. ಓರೆ ಕಂಬ ಹಟಮಾರಿ, ಬಗ್ಗಲ್ಲ. ಅಲುಗಾಟದ ಒತ್ತಡವೆಲ್ಲ ಅದರ ಮೈಗುಂಟ ಹತ್ತಿ ತಲೇಲಿ ಕೂರತ್ತೆ.”

“ಥೇಟ್ ನಿನ್ ಹಾಗೆ.”

ಸೌಟು ಹಾರಿ ಬಂತು. “ಕಂಬದ ತಲೆ, ಮೇಲಿನ ಕಾಂಕ್ರೀಟಿಗೆ ಸೇರೋ ಜಾಗ ಗಟ್ಟಿಯಾಗಿದ್ರೆ ಓರೆ ಕಂಬ ಒಳ್ಳೇದೇ. ಅಲ್ಲೇ ಬಿರುಕು ಬಿಟ್ರೆ, ಮುಂದಿನ ಸಲ ಏನಾಗತ್ತೋ ಹೇಳಕ್ಕಾಗಲ್ಲ.”

“ಬಿಟ್ಟಿದ್ಯಾ?”

“ನಾಲ್ಕರಲ್ಲಿ. ಫೋಟೋ ಸಮೇತ ಅವ್ರ ಕಚೇರಿಗೆ ಬರೆದೆ. ‘ತಲೆಗೆ ನಮೂನೆಯಲ್ಲಿ ಕಾಲಂ ಇಲ್ಲ’ ಅಂತ ವಾಪಸ್ ಬಂತು.”

ತಲೆಗೆ ಜಾಗವಿಲ್ಲದ ಕಚೇರಿ! ನಗು ಬಂತು, ನಿಜ. ಆದರೆ ಆ ನಾಲ್ಕು ಕಂಬಗಳ ಮೇಲೆಯೇ ನಿಂತು ದಿನವಿಡೀ ದೋಣಿಗಳಿಗೆ ಹಗ್ಗ ಕಟ್ಟುವವರು ನಮ್ಮಪ್ಪ. ಹೋಗಬೇಡಿ ಎಂದರೆ, “ಸಾಹೇಬ್ರೇ ನೋಡಿ ಹೋಗಿದಾರೆ, ನಿಂದೇನೋ ಮಧ್ಯ?” ಎನ್ನುತ್ತಾರೆ. ತಾವು ಬಂದು ಹೋಗಿದ್ದೇ ಅವರಿಗೆ ಧೈರ್ಯ. ನನಗೆ ಭಯ ಹುಟ್ಟಿಸುವುದೂ ಅದೇ.

ಆದ್ದರಿಂದ, ನಾಳೆ ನೀರು ಇಳಿದಾಗ ಅಕ್ಕನ ಜೊತೆ ಸಣ್ಣ ದೋಣಿಯಲ್ಲಿ ಜೆಟ್ಟಿಯ ಅಡಿಗೆ ಬನ್ನಿ. ತಲೆಯೆತ್ತಿ ನೋಡಿ, ಬಿರುಕಿಗೆ ಬೆರಳಿಡಿ. ದುರಸ್ತಿ ಮುಗಿಯುವ ತನಕ ಜೆಟ್ಟಿಗೆ ಬೀಗ ಹಾಕಿಸಿ. ಅಪ್ಪ ಮಗನ ಮಾತು ಕೇಳುವುದಿಲ್ಲ. ಸರ್ಕಾರಿ ಬೀಗದ ಮಾತು ಕೇಳುತ್ತಾರೆ.

ಇಂತಿ,
ಊರೆಲ್ಲ ತಮಾಷೆ ಮಾಡಿ, ಈಗ ನಿಜ ಹೇಳಿದರೂ ಮನೆಯಲ್ಲೇ ಯಾರೂ ನಂಬದ,
ಹಗ್ಗ ಕಟ್ಟುವವರ ಕಿರಿಮಗ