ಹೆಸರು ಹಿಡಿದು ಪ್ರಾರ್ಥನೆ

ಸೋಮವಾರ, ಜುಲೈ 8. ಸಂಜೆ 5

ಇವತ್ತೂ ಉಗುರು ಕತ್ತರಿಸುವ ಕೆಲಸ. ಹದಿನಾಲ್ಕು ಮುದುಕರು. ಕೈ ಮುಗಿಯಿತು, ಕಾಲು ನಾಳೆ. ಸೆಮಿನರಿಯಲ್ಲಿ ಎರಡು ವರ್ಷ ಗ್ರೀಕ್ ಓದಿ ರಾಯಚೂರಿಗೆ ಪ್ಲೇಸ್‌ಮೆಂಟಿಗೆ ಬಂದೆ. ಚರ್ಚಿನ ಈ ಆಶ್ರಯ ಮನೆಯಲ್ಲಿ ಗ್ರೀಕ್ ಯಾರಿಗೂ ಬೇಡ. ನೇಲ್ ಕಟ್ಟರ್ ಬೇಕು. ಅಡುಗೆಯ ರಂಜಾನಬಿಗೆ ನಗು, ನನ್ನ ಅಡ್ಡಹೆಸರು ಹಿಡಿದೇ ಕರೆಯುತ್ತಾಳೆ. "ಕುರ್ಡಿ ಪಾಸ್ಟರ್, ನನ್ನ ಉಗುರೂ ತೆಗೀರಿ, ಪುಣ್ಯ ಬರ್ತದ."

ಮಧ್ಯಾಹ್ನ ಹೊಸಬಳೊಬ್ಬಳು ಬಂದಳು. ಹನುಮಂತಮ್ಮ. ಸೊಂಟದಲ್ಲಿ ಎರಡು ವರ್ಷದ ಮಗಳು. ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ಇದ್ದಳಂತೆ. ಊರು ಹೇಳಲಿಲ್ಲ.

ಗುರುವಾರ, ಜುಲೈ 11

ಮಗುವಿಗೆ ಕೆಮ್ಮು. ಆಸ್ಪತ್ರೆಯ ಕ್ಯೂನಲ್ಲಿ ಹನುಮಂತಮ್ಮ ಬಾಯಿ ಬಿಟ್ಟಳು. ಊರು ದೇವದುರ್ಗ ತಾಲೂಕಿನ ಮಸರಕಲ್. ಗಂಡ ಅಂಬರೇಶ. ಸೆರಗು ಸರಿಸಿ ಕತ್ತು ತೋರಿಸಿದಳು — ಕಾದ ಸವಟಿನ ಬರೆ. ಒಂದಲ್ಲ, ಸಾಲಾಗಿ ಐದು. ಇಷ್ಟು ವರ್ಷ ನಾನು ಯಾವ ಲೋಕದಲ್ಲಿದ್ದೆ?

"ನಾ ಇಲ್ಲಿ ಇದ್ದದ್ದು ಯಾರಿಗೂ ಹೇಳಬ್ಯಾಡ್ರಿ ಬ್ರದರ್. ಗೊತ್ತಾದ್ರ ಬರ್ತಾನ. ಈ ಸಲ ಜೀವಂತ ಬಿಡಂಗಿಲ್ಲ."

ಮಾತು ಕೊಟ್ಟೆ. ಆಸ್ಪತ್ರೆಯ ಚೀಟಿಯ ಹಿಂದೆ ನನ್ನ ನಂಬರನ್ನೂ ಬರೆದುಕೊಟ್ಟೆ.

ಭಾನುವಾರ, ಜುಲೈ 14. ಸಂಜೆ

ಆರಾಧನೆ ಮುಗಿದ ಮೇಲೆ ಎಂದಿನಂತೆ ಪ್ರಾರ್ಥನಾ ವಿಷಯ ಕೇಳಿದರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮಗಳ ಪಿಯುಸಿ. ಆ ಬರೆಗಳು ಕಣ್ಣ ಮುಂದೆಯೇ ಇದ್ದವು. ತಡೆಯಲಾಗಲಿಲ್ಲ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆಯವರಿರುವ ನಮ್ಮ ಸಭೆಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ: "ಮಸರಕಲ್‌ನ ಸಹೋದರಿ ಹನುಮಂತಮ್ಮ, ಗಂಡನ ಹಿಂಸೆ ತಾಳದೆ ಮಗುವಿನೊಂದಿಗೆ ನಮ್ಮ ಆಶ್ರಯ ಮನೆಯಲ್ಲಿದ್ದಾರೆ. ಭಾರದಿಂದ ಪ್ರಾರ್ಥಿಸಿರಿ."

ಹೆಸರು ಹಿಡಿದು ಪ್ರಾರ್ಥಿಸಬೇಕು ಅಂತ ಚಿಕ್ಕಂದಿನಿಂದ ಕಲಿತದ್ದು. ದೇವರಿಗೆ ಹೇಳಿದರೆ ಯಾರಿಗೂ ಹೇಳಿದಂತಾಗುವುದಿಲ್ಲವಲ್ಲ... ಆಗಲೇ ಅರವತ್ತೆರಡು ಆಮೆನ್. ಮನಸ್ಸು ಹಗುರ.

ಮಂಗಳವಾರ, ಜುಲೈ 16. ಮಧ್ಯಾಹ್ನ 3



ಹನ್ನೊಂದಕ್ಕೆ ಗೇಟಿನಲ್ಲಿ ದೇವದುರ್ಗದ ಗಡಿಗೆಪ್ಪಣ್ಣ. ಗ್ರೂಪಿನವರು, ಒಳ್ಳೆಯವರು. ನಗುತ್ತಾ ಬಾಗಿಲು ತೆಗೆದೆ. ಜೊತೆಗೊಬ್ಬ, ಕೈ ಮುಗಿದು ಅಳುತ್ತಿದ್ದ.

"ನಿಮ್ಮ ಮೆಸೇಜ್ ನೋಡಿ ನಾನೇ ಮಸರಕಲ್ಲಿಗೆ ಹೋಗಿದ್ದೆ ಬ್ರದರ್. ಪ್ರಾರ್ಥನಿ ಕೇಳ್ಯಾನ ದೇವ್ರು. ಅಂಬರೇಶನ ಮನಸ್ಸ ಕರಗ್ಯದ. ಕೂಡಿಸಿ ಕಳಸೋಣು."

ನಾನು ಒಳಗೆ ಓಡಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹನುಮಂತಮ್ಮ ಇಲ್ಲ, ಮಗು ಇಲ್ಲ. ಹಿಂದಿನ ಬಾಗಿಲು ತೆರೆದಿತ್ತು, ಅವಳ ಚಪ್ಪಲಿ ಅಲ್ಲೇ ಬಿದ್ದಿದ್ದವು.

ಅವಳಿಲ್ಲ ಎಂದ ಕೂಡಲೇ ಅಂಬರೇಶನ ಅಳು ನಿಂತಿತು. ನಲ್ಲಿ ಬಂದ್ ಮಾಡಿದ ಹಾಗೆ. ಮುಖ ಒರೆಸಿಕೊಂಡು ಮೆಲ್ಲಗೆ ಅಂದ, "ಎಲ್ಲಿಗೆ ಹೋಗ್ತಾಳ ಬಿಡ್ರಿ. ಸಿಗ್ತಾಳ." ಗಡಿಗೆಪ್ಪಣ್ಣ ಬಿಳಿಚಿಕೊಂಡರು.

ಅವರು ಹೋದ ಮೇಲೆ ರಂಜಾನಬಿ ಕೇಳಿದಳು, "ಹಿಂದಿನ ಬಾಗ್ಲಾ ತೆಗ್ದಾಕಿ ನಾನ. ಮುಂದಿನ ಬಾಗ್ಲಾ ತೆಗ್ದಾವ ನೀ. ಆಕಿ ಊರು ಮತ್ತ್ಯಾರಿಗೆ ಗೊತ್ತಿತ್ತು?"

ಹನುಮಂತಮ್ಮನ ಚಪ್ಪಲಿ ಎತ್ತಿ ಒಳಗಿಟ್ಟೆ.

ಬುಧವಾರ, ಜುಲೈ 24. ಸಂಜೆ 6

ಎಂಟು ದಿನ ಏನೂ ಬರೆಯಲಿಲ್ಲ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಗಂಜ್ ಮಾರುಕಟ್ಟೆ — ಎಲ್ಲ ಹುಡುಕಿದೆ. ಗ್ರೂಪಿನಲ್ಲಿ ದಿನವೂ ಅದೇ ಪ್ರಶ್ನೆ: "ಸಹೋದರಿ ಸಿಕ್ಕರಾ ಬ್ರದರ್? ಎಲ್ಲಿದ್ದಾರೆ? ತಿಳಿಸಿ, ಪ್ರಾರ್ಥಿಸುತ್ತಿದ್ದೇವೆ."

ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್.

"ನೀವ ಹೇಳಿದ್ರಲ್ಲ ಬ್ರದರ್?"

"ಹೌದು."

ಮಗು ಅಳುವುದಷ್ಟೇ ಕೇಳಿಸಿತು.

"ಮಗಿಗೆ ಜ್ವರ ಅದ. ಬ್ಯಾರೆ ಯಾರ ನಂಬರೂ ನನ್ನ ಹತ್ರ ಇಲ್ರಿ."

ಔಷಧಿ, ಹಾಲಿನ ಪುಡಿ, ಅವಳ ಚಪ್ಪಲಿ. ಬಸ್ ಹಿಡಿದು ಹೋಗಿ ಬಂದೆ. ಜ್ವರ ಇಳಿದಿದೆ. ನನ್ನ ಮುಖ ನೋಡಲಿಲ್ಲ ಅವಳು, ಔಷಧಿ ಮಾತ್ರ ತೆಗೆದುಕೊಂಡಳು. ಈಗ ಅವರಿಬ್ಬರೂ ಇರುವುದು — ಬೇಡ, ಇಲ್ಲಿಯೂ ಬರೆಯುವುದಿಲ್ಲ.